ಹೃದಯೋಪಕರಣಗಳ ದೂರನಿಗಾ ಸೇವೆಯನ್ನು ಕಡ್ಡಾಯಗೊಳಿಸುವಂತೆ ಕೋರಿ ಮನವಿ ಪತ್ರ

ರಿಗೆ,
ಭಾರತದ ಔಷಧ ಮಹಾನಿಯಂತ್ರಕರು,
ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ನವದೆಹಲಿ.

ಉಲ್ಲೇಖ: ಸ್ವೀಕೃತಿಯ ಹೊರತು ಬೇರೇನನ್ನೂ ಕಾಣದ ನಮ್ಮ ಹಿಂದಿನ ಮನವಿಗಳು (ಅನುಬಂಧ 1).

ಮಾನ್ಯರೆ,

ಎದೆಯೊಳಗೆ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಧರಿಸಿ ಬಾಳುತ್ತಿರುವ ಮಲೆನಾಡಿನ ನಾವು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ:

ಉಪಕರಣವನ್ನು ಅಳವಡಿಸುವಾಗ, ಹಾಸಿಗೆಯ ಬಳಿಯಿಡುವ ಟ್ರಾನ್ಸ್‌ಮಿಟರು ರೇಡಿಯೋ ತರಂಗಗಳ ಮೂಲಕ ಬ್ಯಾಟರಿಯ ಕ್ಷಯ, ತಂತಿಯ ದೋಷ, ಹೃದಯಬಡಿತದ ವ್ಯತ್ಯಾಸ ಇವೆಲ್ಲವನ್ನೂ ಗ್ರಹಿಸಿ ಆಸ್ಪತ್ರೆಗೆ ತಲಪಿಸುವುದೆಂದು ನಮ್ಮನ್ನು ನಂಬಿಸಿ, ಅದರ ಬೆಲೆಯನ್ನೂ ವಸೂಲು ಮಾಡಲಾಯಿತು (ಅನುಬಂಧ 2). ಆದರೆ ಆ ವರದಿಗಳನ್ನು ಓದುವವರು ಯಾರೆಂದು ಕೇಳಿದರೆ ಆಸ್ಪತ್ರೆಯು ಕಂಪನಿಯತ್ತಲೂ, ಕಂಪನಿಯು ಆಸ್ಪತ್ರೆಯತ್ತಲೂ ಕೈತೋರಿಸುತ್ತದೆ (ಅನುಬಂಧ 3, 4). ನಮ್ಮಲ್ಲೊಬ್ಬರ ಉಪಕರಣವು ಬ್ಯಾಟರಿ ಬದಲಿಸುವ ಕಾಲ ಬಂದುದನ್ನು ತಾನಾಗಿ ವರದಿಮಾಡಿದ್ದರೂ, ಅವರು ಮೂರ್ಛೆಹೋಗಿ ಬಿದ್ದು ಆಸ್ಪತ್ರೆ ಸೇರುವವರೆಗೆ ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ (ಅನುಬಂಧ 5, 6). ಅಮೆರಿಕದ ಹಾರ್ಟ್ ರಿದಮ್ ಸೊಸೈಟಿಯು ಇಂತಹ ನಿಗಾವಣೆಯನ್ನು ಸರ್ವರೋಗಿಗಳಿಗೂ ಒದಗಿಸತಕ್ಕ ಶುಶ್ರೂಷೆಯ ಅಂಗವೆಂದು 2015ರಲ್ಲಿಯೇ ಶಿಫಾರಸು ಮಾಡಿರುವಾಗ, ಹಣ ತೆತ್ತವರನ್ನು ಹೀಗೆ ಕೈಬಿಡುವುದನ್ನು ಯಾವ ನ್ಯಾಯವೂ ಒಪ್ಪದು.

ಈ ಉಪಕರಣಗಳು 2017ರ ವೈದ್ಯಕೀಯ ಉಪಕರಣಗಳ ನಿಯಮಾವಳಿಯಂತೆ ಅತ್ಯಧಿಕ ಅಪಾಯದ ‘ಡಿ’ ವರ್ಗಕ್ಕೆ ಸೇರಿದುವೆಂಬುದೂ, ಇಂತಹ ಉಪಕರಣಗಳಿಂದಾಗುವ ಹಾನಿಯ ಮೇಲೆ ಕಣ್ಣಿಡುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವು 2015ರಲ್ಲಿ ಏತಕ್ಕಾಗಿ ಆರಂಭವಾಯಿತೆಂಬುದೂ ತಮಗೆ ತಿಳಿಯದ ಸಂಗತಿಗಳಲ್ಲ. ತಿಳಿದೂ ತಾವು ಮೌನವಾಗಿರುವುದು ನಮಗೆ ಅತೀವ ವ್ಯಥೆಯನ್ನುಂಟುಮಾಡಿದೆ.

ಆದಕಾರಣ ನಮ್ಮ ಬೇಡಿಕೆಗಳು:

1. ದೂರನಿಗಾ ಸೇವೆಯನ್ನು ಉಪಕರಣದ ಆಯುಷ್ಯಪರ್ಯಂತ ನಡೆಸುವುದನ್ನೂ, ವರದಿ ಓದುವ ಹೊಣೆಗಾರರನ್ನು ಲಿಖಿತವಾಗಿ ಹೆಸರಿಸುವುದನ್ನೂ ಪರವಾನಗಿಯ ಷರತ್ತಾಗಿಸಬೇಕು.

2. ಅಮೆರಿಕದಲ್ಲಿ 2017ರಲ್ಲಿ ಸೈಬರ್ ದೋಷದ ನಿಮಿತ್ತ ಸುಮಾರು 4,65,000 ಪೇಸ್‌ಮೇಕರುಗಳ ತಂತ್ರಾಂಶವನ್ನು ಪರಿಷ್ಕರಿಸಬೇಕಾಗಿ ಬಂದಂತಹ ಸಂದರ್ಭಗಳಲ್ಲಿ, ಎಚ್ಚರಿಕೆಯು ನೇರವಾಗಿ ರೋಗಿಗೇ ತಲಪಬೇಕು.

3. ಉಪಕರಣದ ಗುರುತುಚೀಟಿಯೂ ಕೈಪಿಡಿಯೂ ಕನ್ನಡದಲ್ಲಿರಬೇಕು.

4. ವಿಮಾನನಿಲ್ದಾಣಗಳ ತಪಾಸಣೆಯಲ್ಲಿ ನಮ್ಮನ್ನು ಸೌಜನ್ಯದಿಂದ ಕಾಣುವಂತೆ ಸಂಬಂಧಪಟ್ಟವರಿಗೆ ಬರೆಯಬೇಕು.

5. ನಮ್ಮ ಕೆಟ್ಟುಹೋದ ಟ್ರಾನ್ಸ್‌ಮಿಟರುಗಳನ್ನು ಪ್ರಥಮ ಆದ್ಯತೆಯ ಮೇಲೆ ಉಚಿತವಾಗಿ ಬದಲಿಸಿಕೊಡುವಂತೆ ಕಂಪನಿಗಳಿಗೆ ಸೂಚಿಸಬೇಕು.

ಮತ್ತೊಬ್ಬರು ಕುಸಿದು ಬೀಳುವುದಕ್ಕೆ ಮೊದಲೇ ಮೊದಲನೆಯ ಬೇಡಿಕೆಯ ಮೇಲೆ ಆಜ್ಞೆ ಹೊರಡಿಸಿ, ಮೂವತ್ತು ದಿನಗಳೊಳಗೆ ನಮಗೆ ಲಿಖಿತ ಉತ್ತರವನ್ನು ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳಾದ,
ಹೃದಯೋಪಕರಣ ಧರಿಸಿದ ಸಹಿದಾರರು