ಫಿನಾಯಿಲಿನ ಪರಿಮಳವೂ ನಮ್ಮ ಕನ್ನಡ ಶಾಲೆಗಳೂ

ಆಟಿ ತಿಂಗಳ ಒಂದು ಸೋಮವಾರ, ಎರಡನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಹನ್ನೊಂದು ಗಂಟೆಗೇ ಮನೆಗೆ ಬಂದಳು. ಕಣ್ಣು ಕೆಂಪು, ಉಸಿರೆಳೆದಾಗಲೆಲ್ಲ ಎದೆಯಲ್ಲಿ ಸುಂಯ್ ಎನ್ನುವ ಸದ್ದು. ಕರೆತಂದ ಟೀಚರು, "ಎಂತ ಇಲ್ಲ ಮಾಷ್ಟ್ರೇ, ಮಳೆಗೆ ಶೀತ ಆದದ್ದಿರಬೇಕು" ಎಂದರು. ಮಗು ಬೇರೆಯೇ ಹೇಳಿತು: "ಅಜ್ಜ, ಕ್ಲಾಸಿಗೆ ಮದ್ದು ಹಾಕಿದ್ದಾರೆ." ಅವಳಿಗೆ ಮೊದಲೇ ಸ್ವಲ್ಪ ದಮ್ಮಿನ ತೊಂದರೆ ಉಂಟು. ಡಾಕ್ಟರು ಹೇಳಿಕೊಟ್ಟ ಹಾಗೆ ಇನ್‌ಹೇಲರ್ ಕೊಟ್ಟು ಕೂರಿಸಿದೆವು, ಸಂಜೆಗೆ ಸರಿಯಾದಳು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮೂವತ್ತು ವರ್ಷ ಇಂಥ ಶಾಲೆಗಳಲ್ಲೇ ಪಾಠ ಮಾಡಿದವನಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ಮರುದಿನ ಕೊಡೆ ಹಿಡಿದುಕೊಂಡು ಶಾಲೆಗೆ ಹೋದೆ.

ಶಾಲೆಯ ಹೆಸರು ಬರೆಯುವುದಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹಲವಾರು ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಲ್ಲಿ ಅದೂ ಒಂದು ಎಂದರೆ ಸಾಕು. ಹಂಚಿನ ಮಾಡು, ಉದ್ದನೆಯ ಜಗಲಿ. ಎರಚಲು ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಒಳಗೆ ಕಾಲಿಟ್ಟ ಕೂಡಲೇ ನನ್ನ ಮೂಗಿಗೂ ಬಡಿಯಿತು. ಒಂದು ದಿನ ಕಳೆದಿದ್ದರೂ ವಾಸನೆ ಹೋಗಿರಲಿಲ್ಲ.

ಶಾಲೆ ಗುಡಿಸಿ ಒರೆಸುವಾಕೆ ನನ್ನ ಹಳೆಯ ವಿದ್ಯಾರ್ಥಿನಿ. ನಾಲ್ಕನೆಯ ತನಕ ಓದಿ ಬೀಡಿ ಕಟ್ಟಲು ಕುಳಿತವಳು, ಈಗ ದಿನಕ್ಕೆರಡು ಗಂಟೆ ಇಲ್ಲಿ ಕೆಲಸ. "ಬಕೆಟಿಗೆ ಎಂತೆಲ್ಲ ಹಾಕಿದ್ದು ಮಾರಾಯ್ತಿ?" ಎಂದು ಕೇಳಿದೆ. ಕಪ್ಪು ಫಿನಾಯಿಲು, ಮತ್ತೆ ಎರಡು ಹಿಡಿ ಬ್ಲೀಚಿಂಗ್ ಪೌಡರ್. "ಎಷ್ಟು ಫಿನಾಯಿಲು?" "ಲೆಕ್ಕ ಎಂತದ್ದು ಮಾಷ್ಟ್ರೇ, ನೀರು ಬೆಳ್ಳಗೆ ಹಾಲಿನ ಹಾಗೆ ಆಗುವಷ್ಟು." ಎರಡನ್ನೂ ಒಟ್ಟಿಗೆ ಯಾಕೆ ಹಾಕಿದ್ದೆಂದರೆ, ಒಂದರಿಂದ ಒಂದು ಪಾಲು ಶುಚಿಯಾದರೆ ಎರಡರಿಂದ ಎರಡು ಪಾಲು ಆಗಬೇಕಲ್ಲ ಎಂಬ ಲೆಕ್ಕ. ಆಕೆಯ ಎರಡು ಅಂಗೈಗಳ ಚರ್ಮವೂ ಸುಲಿದು ಬಿಳಿಚಿಕೊಂಡಿತ್ತು.

ಬಾಟ್ಲಿ ತರಿಸಿ ನೋಡಿದೆ. ಒಂದು ಲೀಟರು ನೀರಿಗೆ ಎಷ್ಟು, ಕೈಗೆ ತಾಗಿದರೆ ಏನು ಮಾಡಬೇಕು, ಬೇರೆ ಯಾವುದರ ಜೊತೆ ಸೇರಿಸಬಾರದು, ಎಲ್ಲವೂ ಬರೆದಿತ್ತು. ಒಂದು ಮಗ್ಗುಲಲ್ಲಿ ಇಂಗ್ಲಿಷು, ಇನ್ನೊಂದು ಮಗ್ಗುಲಲ್ಲಿ ಮಲಯಾಳ. "ಇದನ್ನು ಓದಬಾರದಿತ್ತಾ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಆಕೆ ನಗಾಡಿದಳು. "ನೀವು ಕಲಿಸಿದ್ದು ಕನ್ನಡ ಅಲ್ವಾ ಮಾಷ್ಟ್ರೇ? ಇದನ್ನು ಓದುದು ಹೇಗೆ?"

ಗಡಿನಾಡಿನ ಕನ್ನಡದ ಬಗ್ಗೆ ಈ ಪುಟದಲ್ಲಿ ನಾವು ಬರೆಯುವುದೆಲ್ಲ ಸಾಮಾನ್ಯವಾಗಿ ಪಠ್ಯಪುಸ್ತಕ, ಅಧ್ಯಾಪಕರ ನೇಮಕ, ಬಸ್ಸಿನ ಬೋರ್ಡು, ಮಹಾಜನ ವರದಿ. ಫಿನಾಯಿಲು ಬಾಟ್ಲಿಯ ಮೇಲಿನ ಅಕ್ಷರವೂ ಭಾಷೆಯ ಪ್ರಶ್ನೆ ಎಂದು ನನಗೂ ಅಂದೇ ಹೊಳೆದದ್ದು.

ನಮ್ಮ ಊರಿನ ಕನ್ನಡದಲ್ಲಿ "ಮದ್ದು" ಎಂಬ ಶಬ್ದವೊಂದುಂಟು. ಜ್ವರಕ್ಕೆ ಕೊಡುವುದೂ ಮದ್ದು, ಅಡಿಕೆಯ ಕೊಳೆರೋಗಕ್ಕೆ ಬಿಡುವುದೂ ಮದ್ದು, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರೂ ಮದ್ದು, ನೆಲಕ್ಕೆ ಹಾಕುವುದೂ ಮದ್ದೇ. ಮದ್ದು ಎಂದ ಮೇಲೆ ಹೆದರಿಕೆ ಏಕೆ? ಈ ಶಬ್ದಕ್ಕೆ ಕಾಸರಗೋಡು ತೆತ್ತ ಬೆಲೆ ಓದುಗರಿಗೆ ಗೊತ್ತು. 1970ರ ದಶಕದ ಕೊನೆಯಿಂದ 2000ದ ವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ, "ಟೀ ಸೊಳ್ಳೆಗೆ ಮದ್ದು ಬಿಡ್ತಾರೆ" ಎಂದೇ ನಾವು ಹೇಳುತ್ತಿದ್ದದ್ದು. ಎಣ್ಮಕಜೆಯ ಪಡ್ರೆಯಲ್ಲಿ ಅಂಗವೈಕಲ್ಯದ, ಬುದ್ಧಿಮಾಂದ್ಯದ ಮಕ್ಕಳ ಸಂಖ್ಯೆ ಕಣ್ಣಿಗೆ ಹೊಡೆಯುವಷ್ಟು ಹೆಚ್ಚಿದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಪರೀಕ್ಷೆ ಮಾಡಿದ್ದು ಪಡ್ರೆಯ ಶಾಲಾ ಮಕ್ಕಳನ್ನೇ. ಸುಪ್ರೀಂ ಕೋರ್ಟು ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದು ಅದೇ ಕೋರ್ಟು ಆದೇಶಿಸಿದ್ದು 2017ರ ಜನವರಿಯಲ್ಲಿ.

ಫಿನಾಯಿಲನ್ನು ಎಂಡೋಸಲ್ಫಾನಿಗೆ ಹೋಲಿಸುವಷ್ಟು ಅವಿವೇಕಿ ನಾನಲ್ಲ. ಒಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷ, ಇನ್ನೊಂದು ಅಳತೆಯಲ್ಲಿ ಬಳಸಿದರೆ ಉಪಕಾರಿ. ಆದರೂ ಆ ನೋವು ಕಂಡ ಊರಿನಲ್ಲಿ, ಮದ್ದಿನ ಅಳತೆ ಏನು, ಮಕ್ಕಳು ಎಲ್ಲಿದ್ದಾರೆ ಎಂದು ಕೇಳುವ ಅಭ್ಯಾಸ ನಮಗೆ ಇನ್ನೂ ಬರಲಿಲ್ಲವಲ್ಲ ಎಂಬುದು ನನ್ನ ಬೇಸರ.

ಸೋಂಕುನಿವಾರಕ ಬೇಡವೇ ಬೇಡ ಎಂದು ಹೇಳುವಂತಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವಾಗಲೇ ನಮ್ಮಲ್ಲಿ ಜಡಿಮಳೆ. ಹಳದಿ ಕಾಮಾಲೆ, ಇಲಿಜ್ವರ, ವಾಂತಿಭೇದಿ ಎಲ್ಲ ಬರುವ ಕಾಲ. ಬಾವಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿದ್ದರಿಂದ ಎಷ್ಟೋ ಮಕ್ಕಳು ಉಳಿದಿದ್ದಾರೆ. ಬಾವಿಯ ವಿಷಯದಲ್ಲಿ ಗ್ರಾಂ ಲೆಕ್ಕ ಕೇಳುವ ನಾವು ತರಗತಿಯ ನೆಲಕ್ಕೆ ಬಂದ ಕೂಡಲೇ ಹಿಡಿ ಲೆಕ್ಕಕ್ಕೆ ಇಳಿಯುತ್ತೇವೆ.

ಈ ಹಿಡಿ ಲೆಕ್ಕ ಕೊರೋನಾದ ನಂತರ ಹೆಚ್ಚಾಯಿತು. 2020ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸಾರ್ವಜನಿಕ ಸ್ಥಳಗಳಿಗೆ ಶೇಕಡಾ 1ರ ಹೈಪೋಕ್ಲೋರೈಟ್ ದ್ರಾವಣ ಹೇಳಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮನೆ-ಶಾಲೆಗಳಂಥ ಕಡೆ ಮೇಜು, ಹಿಡಿಕೆಗಳಿಗೆ ಶೇಕಡಾ 0.1 ಸಾಕು, ಅದನ್ನೂ ಬಟ್ಟೆಯಿಂದ ಒರೆಸಿ, ಕೋಣೆಯೊಳಗೆ ಸಿಂಪಡಿಸಬೇಡಿ ಎಂದಿತು. ಅಂದರೆ ಹತ್ತರಲ್ಲಿ ಒಂದು ಪಾಲು. ಶೇಕಡಾ 33ರಷ್ಟು ಕ್ಲೋರಿನ್ ಇರುವ ಹೊಸ ಪೌಡರಾದರೆ ಲೀಟರಿಗೆ ಮೂರು ಗ್ರಾಂ, ಹೆಚ್ಚು ಕಡಿಮೆ ಒಂದು ಚಹಾ ಚಮಚ. ಕೇರಳದಲ್ಲಿ 2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆದಾಗ ಹೆತ್ತವರು, ಪಂಚಾಯತಿನವರು, ಕ್ಲಬ್ಬಿನ ಹುಡುಗರು ಎಲ್ಲ ಸೇರಿ ಬೆಂಚು, ಗೋಡೆ, ಕಿಟಕಿ ತೊಯ್ಯುವ ಹಾಗೆ ಹೊಡೆದದ್ದು ನಾನೇ ನೋಡಿದ್ದೇನೆ. ಅದು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಸೋಂಕು ಹರಡುವುದು ಮುಖ್ಯವಾಗಿ ಉಸಿರಿನ ಗಾಳಿಯಿಂದ, ಮುಟ್ಟಿದ ವಸ್ತುಗಳಿಂದ ಬಹಳ ಕಡಿಮೆ ಎಂದು ಅಷ್ಟರಲ್ಲಿ ತಿಳಿದಾಗಿತ್ತು. ಕಿಟಕಿ ತೆರೆದಿಟ್ಟಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಕೊರೋನಾ ಹೋಯಿತು, ಶಾಲೆಯಲ್ಲಿ ಆ ಡಬ್ಬಗಳೂ ಆ ಅಭ್ಯಾಸವೂ ಉಳಿದವು.

ಮಕ್ಕಳಿಗೇ ಏಕೆ ಹೆಚ್ಚು ತೊಂದರೆ ಎಂದು ಕೇಳಬಹುದು. ದೇಹದ ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ, ಅದರ ಶ್ವಾಸನಾಳವೋ ಸಪೂರ. ಮತ್ತೆ, ಮಕ್ಕಳು ಇರುವುದೇ ನೆಲದ ಹತ್ತಿರ. ಕ್ಲೋರಿನ್ ಅನಿಲ ಗಾಳಿಗಿಂತ ಎರಡೂವರೆ ಪಾಲು ಭಾರ, ಕೆಳಗೇ ನಿಲ್ಲುತ್ತದೆ. ಟೀಚರಿಗೆ ಬರೀ ವಾಸನೆ ಎಂದು ಕಂಡದ್ದು ಚಾಪೆಯಲ್ಲಿ ಕೂತ ಮಗುವಿಗೆ ಉರಿ. ಅಂಗನವಾಡಿಯ ಪುಟ್ಟವರಂತೂ ಒರೆಸಿದ ನೆಲ ಮುಟ್ಟಿದ ಕೈಯನ್ನು ನೇರ ಬಾಯಿಗಿಡುತ್ತಾರೆ. ಹೊಸ ನಮೂನೆಯ, ಹೂವಿನ ಪರಿಮಳದ ದ್ರವಗಳು ಸೌಮ್ಯ ಎಂದು ಹಲವರು ನಂಬಿದ್ದಾರೆ. ಅವುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಬೆಂಜಾಲ್ಕೋನಿಯಂ ಕ್ಲೋರೈಡ್. ದಿನವೂ ಅದನ್ನು ಬಳಸುವ ಶುಚೀಕರಣ ಕೆಲಸಗಾರರಲ್ಲಿ ದಮ್ಮು ಕಾಣಿಸಿಕೊಂಡದ್ದನ್ನು ವೈದ್ಯರು ದಾಖಲಿಸಿದ್ದಾರೆ. ಪರಿಮಳಕ್ಕೂ ಸುರಕ್ಷೆಗೂ ಸಂಬಂಧ ಇಲ್ಲ.

ಇನ್ನು ಸೇರಿಸುವ ವಿಷಯ. ಕಪ್ಪು ಫಿನಾಯಿಲು ಕಲ್ಲಿದ್ದಲಿನ ಡಾಮರಿನಿಂದ ಬಂದ ಫೀನಾಲ್ ಜಾತಿಯ ವಸ್ತು. ಅದಕ್ಕೆ ಬ್ಲೀಚಿಂಗ್ ಪೌಡರ್ ಕೂಡಿದರೆ ಕ್ಲೋರೋಫೀನಾಲ್ ಎಂಬ ಇನ್ನಷ್ಟು ಘಾಟಿನ ವಸ್ತುಗಳು ಹುಟ್ಟುತ್ತವೆ. ಅದಕ್ಕಿಂತ ಅಪಾಯದ್ದು ಕಕ್ಕಸು ತೊಳೆಯುವ ಆ್ಯಸಿಡ್. ಆ್ಯಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲವೇ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಮಿನ ಈಪ್ರ್ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಅನಿಲ. ಅಕ್ಕಿಯ ಚೀಲದಷ್ಟು ಜಾಗದ ನಮ್ಮ ಶಾಲಾ ಕಕ್ಕಸುಗಳಲ್ಲಿ, ಬಾಗಿಲು ಹಾಕಿಕೊಂಡು ತಿಕ್ಕುವಾಕೆಯ ಗತಿ ಏನು? "ಹೋದ ವರ್ಷ ಒಮ್ಮೆ ಕೆಮ್ಮಿ ಕೆಮ್ಮಿ ಜೀವವೇ ಹೋದ ಹಾಗೆ ಆಗಿತ್ತು, ಸೆಖೆಗೆ ಅಂತ ಗ್ರಹಿಸಿದೆ" ಎಂದಳು ಆಕೆ. ಅದನ್ನು ಯಾರಿಗೂ ಹೇಳಿರಲಿಲ್ಲ. ದಿನಗೂಲಿಯ ಕೆಲಸ ಅಲ್ಲವೇ.

ಒಂದು ಉಪಕಥೆ: ಅದೇ ಶಾಲೆಯ ಕಪಾಟಿನಲ್ಲಿ ತಂಪು ಪಾನೀಯದ ಬಾಟ್ಲಿಯೊಳಗೆ ಫಿನಾಯಿಲು ತುಂಬಿಸಿಟ್ಟದ್ದೂ, ಪಕ್ಕದಲ್ಲಿ ಪೆಪ್ಪರ್‌ಮಿಂಟಿನಂಥ ನುಸಿಗುಳಿಗೆ ಇಟ್ಟದ್ದೂ ಕಂಡೆ. ಏಳು ವರ್ಷದ ಮಗುವಿಗೆ ಬಾಯಾರಿಕೆಯಾದರೆ ಅದು ಲೇಬಲ್ ಓದುತ್ತದೆಯೇ? ಅಂದೇ ತೆಗೆಸಿ ಮೇಲಿನ ಅಟ್ಟಕ್ಕೆ ಹಾಕಿ ಬೀಗ ಹಾಕಿಸಿದೆ.

ಆಮೇಲೆ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದೆ. ಒಳ್ಳೆಯ ಹೆಂಗಸು, ಶಾಲೆ ಉಳಿಸಲು ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವವರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಸರ್, ನೀವು ಹೇಳುದು ಸರಿ. ಆದ್ರೆ ಸೋಮವಾರ ಬೆಳಿಗ್ಗೆ ಫಿನಾಯಿಲಿನ ಪರಿಮಳ ಬರದಿದ್ರೆ ಶಾಲೆ ತೊಳಿಲಿಲ್ಲ ಅಂತ ಹೆತ್ತವರೇ ಹೇಳ್ತಾರೆ. ಅಲ್ಲಿ ರೋಡಿನ ಬದಿಯ ಇಂಗ್ಲಿಷ್ ಮೀಡಿಯಂನಲ್ಲಿ ಗೇಟಿನ ಹತ್ರವೇ ಘಂ ಅಂತದೆ" ಎಂದರು.

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈ ಶಾಲೆಯಲ್ಲಿ ನಾನಿದ್ದಾಗ ಒಂದೊಂದು ತರಗತಿಗೆ ಎರಡೆರಡು ಡಿವಿಜನ್ ಇತ್ತು. ಈಗ ಎರಡು ತರಗತಿ ಸೇರಿಸಿದರೂ ಮೂರು ಬೆಂಚು ತುಂಬುವುದಿಲ್ಲ. ನಾನು ಈ ವಿಷಯ ಬರೆದರೆ, "ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ದಮ್ಮು ಬಂತಂತೆ" ಎಂದು ಊರೆಲ್ಲ ಸುದ್ದಿಯಾಗಿ ಇನ್ನೆರಡು ಮಕ್ಕಳು ಟಿ.ಸಿ. ತೆಗೆದುಕೊಂಡು ಹೋದಾರು ಎಂಬ ಹೆದರಿಕೆ ನನಗೂ ಇತ್ತು. ಎರಡು ವಾರ ಈ ಲೇಖನ ಬರೆಯದೆ ಇದ್ದದ್ದು ಅದಕ್ಕೇ. ಮೊಮ್ಮಗಳನ್ನು ಅಲ್ಲಿಂದ ಬಿಡಿಸಲಿಲ್ಲ, ಬಿಡಿಸುವುದೂ ಇಲ್ಲ. ಅವಳನ್ನು ಅಲ್ಲೇ ಇರಿಸಿಕೊಂಡು ಮಾತಾಡುವ ಹಕ್ಕು ನನಗುಂಟು ಎಂದು ಈಗ ಬರೆಯುತ್ತಿದ್ದೇನೆ. ಗೇಟಿನ ಹತ್ತಿರ ಘಂ ಎನ್ನುವ ಆ ಇಂಗ್ಲಿಷ್ ಶಾಲೆಯ ಮಕ್ಕಳೂ ಅದೇ ಗಾಳಿ ಕುಡಿಯುವವರು. ಅಲ್ಲಿನ ಹೆತ್ತವರು ಇದನ್ನು ಗೆಲುವೆಂದು ತಿಳಿಯುವ ಅಗತ್ಯ ಇಲ್ಲ.

ಆಗಬೇಕಾದದ್ದಕ್ಕೆ ಹೆಚ್ಚು ಖರ್ಚಿಲ್ಲ. ಮೊದಲು ಸಾಬೂನು ನೀರು. ಕೆಸರು, ಧೂಳು ಇದ್ದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿನ ಮೇಲೆಯೇ ಮುಗಿದುಹೋಗುತ್ತದೆ, ರೋಗಾಣುವಿಗೆ ಏನೂ ಉಳಿಯುವುದಿಲ್ಲ. ತರಗತಿಯ ನೆಲಕ್ಕೆ ದಿನನಿತ್ಯ ಸಾಬೂನು ನೀರೇ ಧಾರಾಳವಾಯಿತು. ಮದ್ದು ಬೇಕಾದದ್ದು ಕಕ್ಕಸಿಗೆ, ಮಗು ವಾಂತಿ ಮಾಡಿದ ಜಾಗಕ್ಕೆ, ಊರಿನಲ್ಲಿ ಕಾಯಿಲೆ ಎದ್ದಾಗ ಹಿಡಿಕೆ, ನಳ್ಳಿಗಳಿಗೆ. ಅದೂ ಶುಕ್ರವಾರ ಸಂಜೆ, ಮಕ್ಕಳು ಮನೆಗೆ ಹೋದ ಮೇಲೆ, ಕಿಟಕಿ ತೆರೆದಿಟ್ಟು. ಶನಿವಾರ, ಭಾನುವಾರ ಎರಡು ದಿನ ಗಾಳಿಯಾಡಲು ಸಿಗುತ್ತದೆ. ಕೆಲಸದವಳಿಗೆ ಒಂದು ಜೊತೆ ರಬ್ಬರ್ ಕೈಗವಸು ಬೇಕು. ಅದರ ಹಣ ಪಿ.ಟಿ.ಎ.ಯಿಂದ ಅಂದೇ ಪಾಸಾಯಿತು.

ಭಾಷೆಯ ಮಾತು ಮಾತ್ರ ಪಿ.ಟಿ.ಎ.ಯಲ್ಲಿ ಪಾಸಾಗುವಂಥದ್ದಲ್ಲ. ಪೊಟ್ಟಣದ ಸರಕಿನ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕೆಂದು 2011ರ ಕೇಂದ್ರ ನಿಯಮವೇ ಹೇಳುತ್ತದೆ. ಬೇರೆ ಭಾಷೆ ಹಾಕುವುದು ಕಂಪೆನಿಯ ಮರ್ಜಿ. ಆದರೆ ಶಾಲೆಗೆ ಬರುವ ಶುಚಿತ್ವದ ಸುತ್ತೋಲೆ ಕಂಪೆನಿಯದ್ದಲ್ಲ, ಸರಕಾರದ್ದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಕೊಡಿ ಎನ್ನುವ ಸಂವಿಧಾನದ 350ಎ ವಿಧಿ ಬಂದದ್ದೂ 1956ರಲ್ಲೇ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ. ಮಗುವಿಗೆ ಪಾಠ ಕನ್ನಡದಲ್ಲಿ, ಆ ಮಗು ಕೂರುವ ನೆಲಕ್ಕೆ ಮದ್ದು ಹಾಕುವಾಕೆಗೆ ಸೂಚನೆ ಅವಳು ಓದಲಾರದ ಲಿಪಿಯಲ್ಲಿ. ಈ ಎರಡನ್ನು ಬೇರೆ ಬೇರೆ ವಿಷಯ ಎಂದು ಕಚೇರಿಗಳು ತಿಳಿದರೆ ತಿಳಿಯಲಿ, ನಾವು ತಿಳಿಯಬಾರದು. ಜಿಲ್ಲೆಯ ಶಿಕ್ಷಣ, ಆರೋಗ್ಯ ಕಚೇರಿಗಳಿಗೆ ಒಂದು ಪುಟದ ಕನ್ನಡ ಸೂಚನೆ ಅಚ್ಚು ಹಾಕಿಸುವುದು ಅಂಥ ದೊಡ್ಡ ಕೆಲಸವೇ? ತಾಳವಾಡಿ, ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡ ಶಾಲೆಗಳವರು ತಮ್ಮಲ್ಲಿನ ಬಾಟ್ಲಿಗಳನ್ನು ಒಮ್ಮೆ ತಿರುಗಿಸಿ ನೋಡಲಿ ಎಂದೂ ಕೇಳಿಕೊಳ್ಳುತ್ತೇನೆ.

ಅದು ಆಗುವ ತನಕ ಏನು? ನಾನೇ ಒಂದು ಚೀಟಿ ಬರೆದು ಬಾಟ್ಲಿಗೆ ಅಂಟಿಸಿದೆ. ಮಳೆಗೆ ಎರಡು ಸಲ ಶಾಯಿ ಕದಡಿಹೋಯಿತು. ಈಗ ಕಕ್ಕಸಿನ ಹೊರಗೋಡೆಯಲ್ಲಿ ಬಣ್ಣದಲ್ಲಿ ಬರೆಸಿದ್ದೇವೆ. ಬಕೆಟಿಗೆ ಎಷ್ಟು ಚಮಚ, ಯಾವ ವಾರ, ಕಿಟಕಿ ತೆರೆಯುವುದು, ಹೀಗೆ ಆರು ಸಾಲು ನಾನು ಹೇಳಿಕೊಟ್ಟೆ. ಆಕೆ ಸೊಂಟಕ್ಕೆ ಕೈಯಿಟ್ಟು ಎಲ್ಲವನ್ನೂ ಗಟ್ಟಿಯಾಗಿ ಓದಿ ನೋಡಿದಳು, ಆಮೇಲೆ ಬಣ್ಣ ಬಳಿಯುವವನಿಗೆ ಹೇಳಿದಳು: "ಇದೆಲ್ಲದರ ಮೇಲೆ ದೊಡ್ಡಕ್ಕೆ ಬರಿ ಮಾರಾಯ, ಎರಡು ಬಾಟ್ಲಿ ಕೂಡಿಸ್ಬಾರ್ದು ಅಂತ."