ದಾನದ ಜಾಗ, ಬಡವರ ಮನೆ

2025ರ ಎಪ್ರಿಲ್ ತಿಂಗಳಲ್ಲಿ ನಮ್ಮ ಜಮಾಅತಿನ ನಾಲ್ಕು ಮಂದಿ ಮನೆಗೆ ಬಂದರು. "ಉಸ್ತಾದ್, ಇಬ್ಬರು ಅಣ್ಣತಮ್ಮಂದಿರು ಒಂದು ಎಕರೆ ಜಾಗ ದಾನ ಕೊಡುತ್ತಾರೆ. ಬಾಡಿಗೆ ಮನೆಯಲ್ಲಿರುವ 20 ಕುಟುಂಬಗಳಿಗೆ ತಲಾ 5 ಸೆಂಟ್ಸ್ ಹಂಚಿ ಮನೆ ಕಟ್ಟಿಸೋಣ. ಕಾಗದ ಪತ್ರ ನೀವು ನೋಡಬೇಕು" ಎಂದರು. ಬಿ.ಎ. ಓದಿದ ತಪ್ಪಿಗೆ ಊರಿನ ಕಾಗದಗಳೆಲ್ಲ ನನ್ನ ಮನೆಗೇ ಬರುತ್ತವೆ!

ಎಕರೆಗೆ 100 ಸೆಂಟ್ಸ್, 20 ಮನೆ. ಲೆಕ್ಕವೇನೋ ಸರಿ. ಆದರೆ ಆಂಬುಲೆನ್ಸ್ ಬರುವಷ್ಟು ರಸ್ತೆ ಬೇಡವೇ? ಚರಂಡಿ, ಬಾವಿ, ನೀರಿನ ಟ್ಯಾಂಕಿಗೆ ಜಾಗ ಬೇಡವೇ? ಅದಕ್ಕೆ 30 ಸೆಂಟ್ಸ್ ತೆಗೆದಿಟ್ಟರೆ 14 ಮನೆಗಳಷ್ಟೇ.

ಪಹಣಿ ತೆಗೆಸಿದೆವು. 9ನೇ ಕಾಲಮಿನಲ್ಲಿ ಇನ್ನೂ ತೀರಿಹೋದ ತಂದೆಯ ಹೆಸರೇ ಇತ್ತು. ತಾಯಿಯೂ ಇಲ್ಲ. ಮಕ್ಕಳು ಮೂವರು, ಇಬ್ಬರು ಗಂಡು, ಒಬ್ಬಳು ಹೆಣ್ಣು. "ತಂಗಿಯನ್ನು ಕೇಳಿದಿರಾ?" ಎಂದೆ. "ಅವಳು ಬೇಡ ಎನ್ನುವವಳಲ್ಲ ಉಸ್ತಾದ್" ಎಂದರು. ಮೀರಾಸ್ ಲೆಕ್ಕದಲ್ಲಿ ಅಣ್ಣಂದಿರಿಗೆ ತಲಾ 40, ತಂಗಿಗೆ 20 ಸೆಂಟ್ಸ್. ಅಂದರೆ ನಾಲ್ಕು ಬಡವರ ಮನೆಯ ಜಾಗ ಆಕೆಯದು. ಆಕೆಯನ್ನು ಕೇಳದೆ ಅದನ್ನು ದಾನ ಮಾಡಲು ಅಣ್ಣಂದಿರು ಯಾರು? ಮೊದಲು ಪೌತಿ ಖಾತೆ ಮಾಡಿ ಮೂವರ ಹೆಸರಿಗೂ ತನ್ನಿ ಎಂದು ಕಳುಹಿಸಿದೆ.

ಉಳಿದ ಕಾಗದಗಳನ್ನೂ ನೋಡಲೇಬೇಕು. 11ನೇ ಕಾಲಮಿನಲ್ಲಿ ಬ್ಯಾಂಕಿನ ಸಾಲವಿದೆಯೇ? ವರ್ಗ ಜಮೀನಿನ ಜೊತೆ ಕುಮ್ಕಿಯನ್ನೂ ಸೇರಿಸಿ ತೋರಿಸಿದ್ದಾರೆಯೇ? ಕುಮ್ಕಿ ಸರಕಾರದ್ದು, ದಾನ ಕೊಡಲು ಬರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾನೂನಿನಂತೆ ಸರಕಾರದ ಅನುಮತಿಯಿಲ್ಲದೆ ಕೈ ಬದಲಾಗುವಂತಿಲ್ಲ. ಕೃಷಿ ಜಮೀನಾದರೆ ಭೂ ಪರಿವರ್ತನೆಯೂ ಆಗಬೇಕು.

ಜೂನ್ ಕೊನೆಗೆ ಜಾಗ ನೋಡಲು ತಂಗಿಯೇ ಬಂದರು. ಬೇಸಗೆಯಲ್ಲಿ ನಾವು ನೋಡಿದಾಗ ಅದು ಒಣಗಿದ, ಸಮತಟ್ಟಾದ ಚೆಂದದ ಜಾಗ. ಈಗ ಕೆಳಗಿನ ಅರ್ಧದಲ್ಲಿ ಕಾಲಿಟ್ಟರೆ ಹೂತುಹೋಗುತ್ತಿತ್ತು. ಆಕೆ ಕೊಡೆ ಹಿಡಿದು ನಿಂತು, "ಉಸ್ತಾದ್, ಆ ತೆಂಗಿನ ಮರದಿಂದ ಕೆಳಗೆಲ್ಲ ಬೈಲು. ನಾವು ಚಿಕ್ಕವರಿರುವಾಗ ಆಟಿಯಲ್ಲಿ ತೋಡು ಉಕ್ಕಿದರೆ ಇಲ್ಲೇ ಮೀನು ಹಿಡಿಯುತ್ತಿದ್ದೆವು. ಆಮೇಲೆ ಮಣ್ಣು ತುಂಬಿಸಿದ್ದು" ಎಂದರು. ಅಣ್ಣಂದಿರು ತಲೆ ಕೆರೆದುಕೊಂಡರು. ಮುಚ್ಚಿಟ್ಟಿದ್ದಲ್ಲ, ಮರೆತೇಬಿಟ್ಟಿದ್ದರು. ಮೇಸ್ತ್ರಿ ಗುಂಡಿ ತೆಗೆಸಿದಾಗ ಐದಡಿ ಕೆಂಪು ಮಣ್ಣು, ಅದರಡಿ ಕಪ್ಪು ಕೆಸರು ಮತ್ತು ನೀರು.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಕೊಡುವುದು 1,20,000 ರೂಪಾಯಿ. ಮಣ್ಣು ತುಂಬಿಸಿದ ಗದ್ದೆಯಲ್ಲಿ ಪಂಚಾಂಗವೇ ಅದರಲ್ಲಿ ದೊಡ್ಡ ಪಾಲನ್ನು ನುಂಗುತ್ತದೆ. ಆತುರಪಟ್ಟು ಕಟ್ಟಿದರೆ ನಾಲ್ಕು ಮಳೆಗಾಲದಲ್ಲಿ ಗೋಡೆ ಬಿರುಕು ಬಿಡುತ್ತದೆ. ರಿಪೇರಿಗೆ ಆ ಬಡವಿ ಎಲ್ಲಿಂದ ತರಬೇಕು? ಶೌಚಾಲಯದ ಹೊಂಡದಲ್ಲಿ ನೀರು ಇಂಗದೆ ಬಾವಿಯೂ ಕೆಡುತ್ತದೆ.

ಮೇಲಿನ 45 ಸೆಂಟ್ಸ್ ಗಟ್ಟಿ ಮುರಕಲ್ಲು. ಆದರೆ ಅದು ಇಳಿಜಾರು. ಜೆಸಿಬಿಯಿಂದ ನೇರ ಬರೆ ಕಡಿದು ಅದರ ಬುಡದಲ್ಲಿ ಮನೆ ಕಟ್ಟುವುದು ಬೇಡ ಎಂದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು, 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲ ಕೊಚ್ಚಿಹೋದದ್ದು ನೆನಪಿದೆಯಲ್ಲ? ನಮ್ಮದು ಅಂಥ ದೊಡ್ಡ ಗುಡ್ಡವಲ್ಲ, ನಿಜ. ಆದರೂ ಮನೆಯ ಹಿಂದಿನ ಬರೆ ಕುಸಿದು ಜೀವ ಹೋಗಲು ಹತ್ತಡಿ ಎತ್ತರ ಸಾಕು.

ಮನೆ ಸಿಗಬೇಕಾದ ಹೆಂಗಸರನ್ನೂ ಕರೆದು ತೋರಿಸಿದೆವು. ಅವರು ಮನೆಯ ಅಳತೆ ಕೇಳಲಿಲ್ಲ. ಬೀಡಿ ಬ್ರಾಂಚ್ ಎಷ್ಟು ದೂರ, ರೇಷನ್ ಅಂಗಡಿ ಎಲ್ಲಿ, ಮಕ್ಕಳು ಶಾಲೆಗೆ ದಾಟುವ ತೋಡಿಗೆ ಸಂಕ ಇದೆಯೇ ಎಂದು ಕೇಳಿದರು. ಒಬ್ಬಾಕೆ, "ಬೀಡಿ ಕೊಟ್ಟು ಬರಲು ದಿನಾ 80 ರೂಪಾಯಿ ಆಟೋಗೆ ಕೊಟ್ಟರೆ, ಉಳಿದ ಬಾಡಿಗೆ ಅಲ್ಲಿಗೇ ಹೋಯಿತಲ್ಲ?" ಎಂದಳು. ತಿಂಗಳಿಗೆ 25 ದಿನವೆಂದರೂ 2,000 ರೂಪಾಯಿ. ಕಮಿಟಿಯವರಲ್ಲಿ ಯಾರಿಗೂ ಹೊಳೆಯದಿದ್ದ ಲೆಕ್ಕ. ವಾರಕ್ಕೆರಡು ಬಾರಿ ಅಲ್ಲಿಗೇ ಬಂದು ಬೀಡಿ ಒಯ್ಯಲು ಕಂಟ್ರಾಕ್ಟರರನ್ನು ಒಪ್ಪಿಸಿಯಾಯಿತು. ಸಂಕಕ್ಕಾಗಿ ಪಂಚಾಯತಿಗೆ ಅರ್ಜಿ ಹೋಗಿದೆ.

ಖಾತೆ ಮೂವರ ಹೆಸರಿಗೆ ಬಂದ ಮೇಲೆ ಮೇಲಿನ ಭಾಗದ ದಾನಪತ್ರಕ್ಕೆ ತಂಗಿ ಸಂತೋಷದಿಂದಲೇ ಸಹಿ ಹಾಕಿದರು. ರಸ್ತೆ, ಬಾವಿಗೆ 10 ಸೆಂಟ್ಸ್ ಬಿಟ್ಟು ಅಲ್ಲಿ ಏಳು ಮನೆಗಳಾಗುತ್ತವೆ. 20 ಮನೆಯೆಂದು ಊರಿಡೀ ಹೇಳಿದ್ದ ಕಮಿಟಿಯವರಿಗೆ ಸ್ವಲ್ಪ ಮುಖಭಂಗವಾಯಿತು. ಉಳಿದ 13 ಕುಟುಂಬಗಳಿಗೆ ಬೇರೆ ಜಾಗ ಹುಡುಕುತ್ತಿದ್ದೇವೆ. ಈ ಸಲ ಮಳೆಗಾಲದಲ್ಲೇ ಹೋಗಿ ನೋಡುವುದೆಂದು ತೀರ್ಮಾನವಾಗಿದೆ.