ಎಲ್ಲ ಚಿತ್ರಗಳಿಗೂ ಒಂದೇ ಮದ್ದೇ?

ಮದುವೆ ಮನೆಯಲ್ಲಿ ಮೊದಲ ಪಂಕ್ತಿಯ ಎಲೆ ಎತ್ತುವ ಮೊದಲೇ ಸಾವಿರ ಫೊಟೊಗಳು ತೆಗೆದಾಗಿರುವ ಕಾಲವಿದು. ಹಿಂದೆ 36 ಚಿತ್ರಗಳ ಒಂದೆರಡು ಫಿಲ್ಮ್ ರೋಲುಗಳಲ್ಲಿ ಇಡೀ ಮದುವೆಯನ್ನು ಮುಗಿಸುತ್ತಿದ್ದ ಛಾಯಾಗ್ರಾಹಕನಿಗೆ ಪ್ರತಿಯೊಂದು ಚಿತ್ರವೂ ಲೆಕ್ಕದ್ದಾಗಿತ್ತು. ಈಗ ಆತನ ಮಗನಿಗೆ ತೆಗೆಯುವುದರಲ್ಲಿ ಖರ್ಚಿಲ್ಲ. ತೆಗೆದುದನ್ನು ತಿದ್ದುವ ಕೆಲಸ ಮಾತ್ರ ಬೆಟ್ಟದಷ್ಟಿದೆ. ಎರಡು ಸಾವಿರ ಚಿತ್ರಗಳನ್ನು ಒಂದೊಂದಕ್ಕೆ ಎರಡು ನಿಮಿಷದಂತೆ ತಿದ್ದುತ್ತ ಕುಳಿತರೆ 66 ಗಂಟೆಗಳಿಗೂ ಮಿಕ್ಕಿ ಬೇಕು. ಅಷ್ಟರಲ್ಲಿ ಮುಂದಿನ ಮದುವೆ ಬಂದಿರುತ್ತದೆ.

ಈ ಸಂಕಟಕ್ಕೆ ಕಂಪ್ಯೂಟರ್ ಒಂದು ಪರಿಹಾರ ಕೊಟ್ಟಿದೆ. ಒಂದು ಚಿತ್ರಕ್ಕೆ ಮಾಡಿದ ತಿದ್ದುಪಡಿಯನ್ನು ಒಮ್ಮೆಲೇ ನೂರಾರು ಚಿತ್ರಗಳಿಗೆ ಹಚ್ಚುವುದೇ ಆ ಪರಿಹಾರ. ಮಾಡಿದ ಕೆಲಸವನ್ನು ನೆನಪಿಟ್ಟುಕೊಂಡು ಪುನಃ ಮಾಡುವ ಸೌಕರ್ಯ ಫೊಟೊಶಾಪಿಗೆ 1996ರಲ್ಲಿ ಬಂತು. 2007ರಲ್ಲಿ ಬಂದ ಲೈಟ್‌ರೂಂ ಇದನ್ನು ಸ್ಟುಡಿಯೋಗಳ ನಿತ್ಯದ ರೂಢಿಯನ್ನಾಗಿ ಮಾಡಿತು. 2022ರಿಂದ ಐಫೋನಿನಲ್ಲಿಯೂ ಒಂದು ಚಿತ್ರದ ತಿದ್ದುಪಡಿಯನ್ನು ನಕಲಿಸಿ ಬೇರೆ ಚಿತ್ರಗಳ ಮೇಲೆ ಅಂಟಿಸಬಹುದಾಗಿದೆ. ಹಾಗಾಗಿ ಇದು ಸ್ಟುಡಿಯೋದವರ ವಿಚಾರ ಮಾತ್ರವಲ್ಲ; ಮನೆಮನೆಯ ವಿಚಾರವಾಗಿದೆ. ಆದುದರಿಂದಲೇ ಈ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿತು.

ಈ ವಿಧಾನವೇ ಕೆಟ್ಟದ್ದೆಂದು ನಾವು ಹೇಳಹೊರಟಿಲ್ಲ. ಅಡ್ಡಲಾಗಿ ಬಿದ್ದ ಚಿತ್ರಗಳನ್ನು ನೆಟ್ಟಗೆ ನಿಲ್ಲಿಸಲು, ದೂರದಲ್ಲಿರುವ ಬಂಧುಗಳಿಗೆ ಕಳುಹಿಸಲು ಗಾತ್ರ ಕಿರಿದುಗೊಳಿಸಲು, ಒಂದೇ ಲೆನ್ಸಿನ ಬಾಗನ್ನು ಸರಿಪಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಒಂದೇ ಕ್ಯಾಮರಾದಿಂದ ತೆಗೆದ ಐವತ್ತು ಚಿತ್ರಗಳಿಗೆ ಒಂದೇ ತಿದ್ದುಪಡಿ ಸಾಕು. ಅದನ್ನು ಐವತ್ತು ಸಲ ಕೈಯಿಂದ ಮಾಡುವುದು ಹಟವೇ ಹೊರತು ಶ್ರದ್ಧೆಯಲ್ಲ.

ತೊಂದರೆ ಇರುವುದು ಬೆಳಕು ಬದಲಾದಾಗ. ಹಳೆಯ ಬಲ್ಬಿನ ಬೆಳಕಿನ ಬಣ್ಣ ಸುಮಾರು 3000 ಕೆಲ್ವಿನ್. ನಡುಹಗಲಿನ ಬಿಸಿಲಿನದ್ದು ಸುಮಾರು 5500. ನೆರಳಿನದ್ದು 7000ದ ಆಸುಪಾಸು. ಮೊದಲನೆಯದು ಹಳದಿ, ಕೊನೆಯದು ನೀಲಿ. ನಮ್ಮ ಕಣ್ಣು ಇದನ್ನು ತಾನಾಗಿಯೇ ಸರಿಪಡಿಸಿಕೊಳ್ಳುತ್ತದೆ. ಕ್ಯಾಮರಾ ಅಷ್ಟು ಚೆನ್ನಾಗಿ ಮಾಡಲಾರದು. ಬಲ್ಬಿನ ಬೆಳಕಿನ ಚಿತ್ರದಿಂದ ಹಳದಿಯನ್ನು ತೆಗೆಯಲು ಮಾಡಿದ ತಿದ್ದುಪಡಿಯನ್ನು ಅಂಗಳದ ನೆರಳಿನಲ್ಲಿ ತೆಗೆದ ಚಿತ್ರಕ್ಕೂ ಹಚ್ಚಿದರೆ, ಅಲ್ಲಿ ನಿಂತವರೆಲ್ಲ ನೀಲಿಗಟ್ಟುತ್ತಾರೆ.

ನಮಗೆ ಗೊತ್ತಿರುವ ಒಂದು ಮನೆಯ ಮದುವೆಯ ಆಲ್ಬಮ್ ಹೀಗೆಯೇ ಆಯಿತು. ಧಾರೆ ನಡೆದದ್ದು ಬೆಳಗ್ಗೆ, ಬಣ್ಣದ ಬಟ್ಟೆ ಹೊದಿಸಿದ ಚಪ್ಪರದಡಿಯಲ್ಲಿ. ಔತಣಕೂಟ ನಡೆದದ್ದು ರಾತ್ರಿ, ವಿದ್ಯುದ್ದೀಪಗಳ ಪ್ರಭೆಯಲ್ಲಿ. ಎರಡಕ್ಕೂ ಒಂದೇ ಅಚ್ಚಿನ ತಿದ್ದುಪಡಿ. ಧಾರೆಯ ಕೆಂಪು ಸೀರೆ ಕಿತ್ತಳೆಯಾಗಿತ್ತು. ಸುತ್ತಲಿನ ಬಾಳೆ, ಮಾವಿನೆಲೆಗಳ ಹಸಿರು ಒಣಗಿದಂತಿತ್ತು. ಅದನ್ನಾದರೂ ಸಹಿಸಬಹುದು. ಮುಖಗಳನ್ನು ಬೆಳ್ಳಗೆ, ನುಣ್ಣಗೆ ಮಾಡುವ ಇನ್ನೊಂದು ತಿದ್ದುಪಡಿಯನ್ನೂ ಎಲ್ಲ ಚಿತ್ರಗಳಿಗೆ ಒಟ್ಟಿಗೇ ಹಚ್ಚಲಾಗಿತ್ತು. ಮದುಮಗಳ ದೊಡ್ಡಮ್ಮ ಎಣ್ಣೆಗಪ್ಪು ಬಣ್ಣದವರು. ಮುಖದಲ್ಲಿ ಎಪ್ಪತ್ತು ವರ್ಷಗಳ ಸುಕ್ಕುಗಳಿವೆ. ಆಲ್ಬಮಿನಲ್ಲಿ ಅವರು ಸುಣ್ಣ ಬಳಿದ ಗೋಡೆಯಂತಿದ್ದರು. ಅವರು ಪುಟ ತಿರುವಿ, “ಇದರಲ್ಲಿ ನಾನು ಬರಲೇ ಇಲ್ಲವಲ್ಲ” ಎಂದರಂತೆ. ತಮಾಷೆಯೆಂದು ಮನೆಯವರು ನಕ್ಕರು. ಅವರು ಹೇಳಿದ್ದು ತಮಾಷೆಯಾಗಿರಲಿಲ್ಲ.

ಒಂದು ಮುಖವನ್ನು ಅಳತೆಗೋಲಾಗಿಟ್ಟು ಉಳಿದವರನ್ನೆಲ್ಲ ಅದಕ್ಕೆ ಹೊಂದಿಸುವ ಈ ಚಾಳಿ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಕೊಡಾಕ್ ಕಂಪೆನಿ ಕಲರ್ ಪ್ರಿಂಟುಗಳ ಬಣ್ಣ ಸರಿಯಾಗಿದೆಯೇ ಎಂದು ನೋಡಲು ಲ್ಯಾಬ್‌ಗಳಿಗೆ ಒಂದು ಮಾದರಿ ಚಿತ್ರ ಕಳುಹಿಸುತ್ತಿತ್ತು. ಅದರಲ್ಲಿ ಇರುತ್ತಿದ್ದವಳು ಒಬ್ಬ ಬಿಳಿಯ ಹೆಂಗಸು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಆಕೆಯ ಚರ್ಮ ಸರಿಯಾಗಿ ಕಂಡರೆ ಯಂತ್ರ ಸರಿಯಾಗಿದೆಯೆಂದು ಲೆಕ್ಕ. ಕಪ್ಪು ಮೈಬಣ್ಣದವರ ಮುಖ ಮಸಿಯಲ್ಲಿ ಮುಳುಗಿದರೂ ಯಂತ್ರದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬೇರೆ ಬೇರೆ ಮೈಬಣ್ಣದವರನ್ನು ಒಟ್ಟಿಗೆ ಕೂರಿಸಿದ ಕಾರ್ಡುಗಳು ಬರಬೇಕಾದರೆ 1990ರ ದಶಕ ಬರಬೇಕಾಯಿತು. ಅಂದು ಯಂತ್ರ ಮಾಡುತ್ತಿದ್ದುದನ್ನು ಇಂದು ನಾವೇ ನಮ್ಮ ಬೆರಳಿನಿಂದ ಮಾಡಿಕೊಳ್ಳುವುದಾದರೆ, ಅದಕ್ಕೆ ಯಾರನ್ನು ದೂರೋಣ?

ಮದುವೆಯಿಂದ ಬಯಲಾಟಕ್ಕೆ ಬಂದರೆ ನಷ್ಟ ಇನ್ನೂ ಸ್ಪಷ್ಟ. ತೆಂಕುತಿಟ್ಟಿನ ಬಣ್ಣದ ವೇಷದ ಮುಖದಲ್ಲಿ ಚುಟ್ಟಿಯನ್ನು ಒಂದೊಂದಾಗಿ ಇಡುವುದಕ್ಕೆ ವೇಷಧಾರಿ ಚೌಕಿಯಲ್ಲಿ ಗಂಟೆಗಟ್ಟಲೆ ಕೂರುತ್ತಾನೆ. ಚಿತ್ರವನ್ನು ಒಂದಿಷ್ಟು ಬೆಳಗಿಸುವ ತಿದ್ದುಪಡಿ ಆ ಬಿಳಿಯ ಚುಕ್ಕೆಗಳನ್ನೆಲ್ಲ ಒಂದೇ ಹಾಳೆ ಮಾಡಿಬಿಡುತ್ತದೆ. ಮುಖ ನುಣುಪಾಗಿಸುವ ತಿದ್ದುಪಡಿ ಅವನ್ನು ಮೊಡವೆಗಳೆಂದು ತಿಳಿದು ಒರಸಿಹಾಕುತ್ತದೆ. ತೆಯ್ಯದ ಮುಖದ ಕೆಂಪಿನ ಗತಿಯೂ ಅದೇ. ಪಂಜಿನ ಬೆಳಕಿನಲ್ಲಿ ಕೆಂಪು ಮೊದಲೇ ತುದಿ ಮುಟ್ಟಿರುತ್ತದೆ. ಜೆಪಿಇಜಿ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲುಗಳು ಮಾತ್ರ. ಬಣ್ಣವನ್ನು ಇನ್ನಷ್ಟು ಗಾಢಗೊಳಿಸಿದರೆ ಕೆಂಪೆಲ್ಲ ಮೇಲಿನ ಮೆಟ್ಟಿಲಿನಲ್ಲಿ ಗುಂಪುಗೂಡಿ, ಕಲಾವಿದ ಎಳೆದ ಸೂಕ್ಷ್ಮ ಗೆರೆಗಳು ಅದರೊಳಗೆ ಕರಗಿಹೋಗುತ್ತವೆ. ಹಾಗೆ ಉಳಿಸಿದ ಪ್ರತಿಯಿಂದ ಅವನ್ನು ಮರಳಿ ತರುವುದು ಯಾರಿಂದಲೂ ಆಗದು.

ಆದರೆ ನಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಾಗುವುದು ಹಳೆಯ ಆಲ್ಬಮ್‌ಗಳ ಬಗ್ಗೆ. ಹಿರಿಯರ ಫೊಟೊಗಳನ್ನು ಸ್ಕ್ಯಾನ್ ಮಾಡಿ ಇಡುವ ಒಳ್ಳೆಯ ಬುದ್ಧಿ ಈಗ ಹಲವು ಮನೆಗಳಲ್ಲಿ ಬಂದಿದೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವ ಮೊದಲು ಈ ಕೆಲಸ ಆಗಲೇಬೇಕು. ಆದರೆ ರಜೆಯಲ್ಲಿ ಬಂದ ಹುಡುಗರು ನೂರೈವತ್ತು ಚಿತ್ರಗಳನ್ನು ಒಂದೇ ದಿನ ಸ್ಕ್ಯಾನ್ ಮಾಡಿ, ಎಲ್ಲವನ್ನೂ ಆರಿಸಿ, “ಆಟೋ” ಎಂಬ ಗುಂಡಿಯನ್ನು ಒತ್ತಿಬಿಡುತ್ತಾರೆ. ಒಂದೇ ಆಲ್ಬಮಿನ ಚಿತ್ರಗಳು ಒಂದೇ ರೀತಿ ಮುದಿಯಾಗುವುದಿಲ್ಲ. ಕಪ್ಪುಬಿಳುಪಿನವು ಹಳದಿಗಟ್ಟುತ್ತವೆ, ಕೆಲವುಗಳ ಕಪ್ಪು ಭಾಗಕ್ಕೆ ಬೆಳ್ಳಿಯ ಹೊಳಪು ಬರುತ್ತದೆ. 1970ರ ದಶಕದ ಕಲರ್ ಪ್ರಿಂಟುಗಳಲ್ಲಿ ಅನೇಕವು ಪೆಟ್ಟಿಗೆಯೊಳಗೇ ಇದ್ದರೂ ನೀಲಿಹಸಿರು ಬಣ್ಣ ಮಾಸಿ ಕೆಂಪಾಗುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ವಿಷ. ಮೇಲಾಗಿ, ಅಂಚುಗಳನ್ನು ತಾನಾಗಿಯೇ ಕತ್ತರಿಸುವ ವ್ಯವಸ್ಥೆ ಫೊಟೊದ ಬಿಳಿ ಅಂಚಿನಲ್ಲಿದ್ದ ಸ್ಟುಡಿಯೋದ ಮುದ್ರೆಯನ್ನೂ ಇಸವಿಯನ್ನೂ ಕತ್ತರಿಸಿ ಎಸೆಯುತ್ತದೆ. ಚಿತ್ರ ಎಲ್ಲಿಯದು, ಯಾವಾಗಿನದು ಎಂದು ಹೇಳುವ ಸಾಕ್ಷಿ ಕೆಲವೊಮ್ಮೆ ಅದೊಂದೇ ಆಗಿರುತ್ತದೆ.

ಇದಕ್ಕೆ ನಾವು ಸೂಚಿಸುವ ದಾರಿ ಕಷ್ಟದ್ದೇನೂ ಅಲ್ಲ.

ಮೊದಲನೆಯದಾಗಿ, ಮೂಲಪ್ರತಿಯನ್ನು ಮುಟ್ಟಕೂಡದು. ಲೈಟ್‌ರೂಂ, ಮತ್ತು ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್, ಮೂಲ ಚಿತ್ರವನ್ನು ಹಾಗೆಯೇ ಬಿಟ್ಟು ತಿದ್ದುಪಡಿಯ ಸೂಚನೆಗಳನ್ನು ಮಾತ್ರ ಬೇರೆಯಾಗಿ ಬರೆದಿಡುತ್ತವೆ, ಬೇಡವೆಂದರೆ ಹಿಂದೆಗೆಯಬಹುದು. ಎಲ್ಲ ಸಾಧನಗಳೂ ಹಾಗಲ್ಲ. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದ ಮಾಗ್ರಿಫೈ ಎಂಬ ಆಜ್ಞೆ, ಬೇರೆ ಜಾಗ ತೋರಿಸದಿದ್ದರೆ, ಮೂಲ ಚಿತ್ರದ ಮೇಲೆಯೇ ಬರೆದುಬಿಡುತ್ತದೆ. ಒಂದು ಚಿತ್ರದಲ್ಲಿ ಕೈತಪ್ಪಿದರೆ ಒಂದು ಹೋಗುತ್ತದೆ. ಇಲ್ಲಿ ಕೈತಪ್ಪಿದರೆ ಇಡೀ ಮನೆತನದ ಚಿತ್ರಗಳು ಹೋಗುತ್ತವೆ. ಆದುದರಿಂದ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿದ ಮೇಲೆಯೇ ಕೈ ಹಚ್ಚಬೇಕು.

ಎರಡನೆಯದಾಗಿ, ಬೆಳಕಿಗೆ ತಕ್ಕಂತೆ ರಾಶಿ ಮಾಡಬೇಕು. ಧಾರೆಯದ್ದು ಒಂದು, ಅಂಗಳದ್ದು ಒಂದು, ರಾತ್ರಿಯದ್ದು ಒಂದು. ಹಳೆಯ ಚಿತ್ರಗಳಾದರೆ ಹಳದಿಯಾದವು ಬೇರೆ, ಕೆಂಪಾದವು ಬೇರೆ. ಒಂದೊಂದು ರಾಶಿಯಿಂದ ಒಂದನ್ನು ಮನಸ್ಸಿಟ್ಟು ತಿದ್ದಿ, ಅದನ್ನು ಆ ರಾಶಿಗೆ ಮಾತ್ರ ಹಚ್ಚಬೇಕು. ಆಮೇಲೆ ಎಲ್ಲವನ್ನೂ ಒಮ್ಮೆ ಕಣ್ಣಿನಿಂದ ನೋಡಬೇಕು.

ಮೂರನೆಯದಾಗಿ, ಮುಖಕ್ಕೆ ಸಂಬಂಧಿಸಿದ ಯಾವ ತಿದ್ದುಪಡಿಯನ್ನೂ ಸಾರಾಸಗಟಾಗಿ ಹಚ್ಚಕೂಡದು. ಕ್ಯಾಮರಾದೊಳಗೆ ಕುಳಿತ ಧೂಳಿನ ಕಲೆ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಬರುವುದರಿಂದ, ಅದನ್ನು ಅಳಿಸುವ ತಿದ್ದುಪಡಿಯನ್ನು ಒಟ್ಟಿಗೇ ಹಚ್ಚುವ ರೂಢಿಯಿದೆ. ಆಕಾಶದಲ್ಲಾದರೆ ಸರಿ. ಆದರೆ ಮುಂದಿನ ಚಿತ್ರದಲ್ಲಿ ಅದೇ ಜಾಗದಲ್ಲಿ ಒಬ್ಬಳ ಹಣೆಯಿದ್ದರೆ, ಅಳಿದುಹೋಗುವುದು ಧೂಳಲ್ಲ, ಕುಂಕುಮ.

ಕೊನೆಯದಾಗಿ, ಈ ಸೌಕರ್ಯವನ್ನು ನಿಜವಾಗಿ ಬಳಸಬೇಕಾದ ಜಾಗ ಒಂದಿದೆ; ಅಲ್ಲಿ ಯಾರೂ ಅದನ್ನು ಬಳಸುವುದು ಕಾಣುವುದಿಲ್ಲ. ಹೆಸರು, ಊರು, ಇಸವಿಗಳನ್ನು ಚಿತ್ರದ ಕಡತದೊಳಗೇ ಬರೆದಿಡಬಹುದು. ಇಡೀ ರಾಶಿಗೆ ಸಮಾನವಾದ ವಿಷಯ, ಅಂದರೆ ಯಾವ ಮನೆ, ಯಾವ ಸಮಾರಂಭ, ಯಾವ ವರ್ಷ ಎಂಬುದನ್ನು, ಒಮ್ಮೆ ಬರೆದು ಎಲ್ಲ ಚಿತ್ರಗಳಿಗೂ ಒಟ್ಟಿಗೆ ಸೇರಿಸಬಹುದು. ಯುನಿಕೋಡಿನಲ್ಲಿ ಬರೆದರೆ ಅದು ಕನ್ನಡದಲ್ಲಿಯೇ ಉಳಿಯುತ್ತದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆಂಬ ಎಚ್ಚರ ಬೇಕು. ಸಮಾನವಾದುದನ್ನು ಒಟ್ಟಿಗೆ ಬರೆದ ಮೇಲೆ, ಯಾರು ಯಾರೆಂಬುದನ್ನು ಮಾತ್ರ ಒಂದೊಂದಾಗಿ ಬರೆಯಬೇಕು. ಅದಕ್ಕೆ ಅಡ್ಡದಾರಿಯಿಲ್ಲ.

ನಮ್ಮ ಮನೆಗಳಲ್ಲಿ ಇದು ತುರ್ತಿನ ಕೆಲಸವೂ ಹೌದು. ಫೊಟೊಗಳ ಬೆನ್ನಲ್ಲಿ ಅಜ್ಜಂದಿರು ಪೆನ್ಸಿಲಿನಿಂದ ಬರೆದಿರುವುದು ಕನ್ನಡದಲ್ಲಿ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಓದುತ್ತಿರುವ ಮೊಮ್ಮಕ್ಕಳಲ್ಲಿ ಆ ಕೈಬರಹವನ್ನು ತಡವರಿಸದೆ ಓದಬಲ್ಲವರು ಎಷ್ಟು ಮಂದಿ? ಚಿತ್ರದ ಮುಂಭಾಗದಂತೆ ಬೆನ್ನನ್ನೂ ಸ್ಕ್ಯಾನ್ ಮಾಡಿ, ಅಜ್ಜಿಯನ್ನು ಹತ್ತಿರ ಕೂರಿಸಿಕೊಂಡು, “ಇವರು ಯಾರು, ಇವರು ಯಾರು” ಎಂದು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಯಾವ ತಂತ್ರಾಂಶದಲ್ಲಿಯೂ ಗುಂಡಿಯಿಲ್ಲ.

ಬೇಸಗೆ ರಜೆಯ ನಾಲ್ಕು ಮಧ್ಯಾಹ್ನಗಳು ಇದಕ್ಕೆ ಸಾಕು. ಸ್ಟುಡಿಯೋದವರಿಗೂ ಒಂದು ಮಾತು: ಅವಸರದ ಕಷ್ಟ ನಮಗೂ ಗೊತ್ತಿದೆ. ಬೇಕಾದರೆ ಸಾವಿರ ಚಿತ್ರ ಕೊಡುವಲ್ಲಿ ಇನ್ನೂರು ಕೊಡಿ. ಆದರೆ ಆ ಇನ್ನೂರರಲ್ಲಿ ದೊಡ್ಡಮ್ಮ ದೊಡ್ಡಮ್ಮನಾಗಿಯೇ ಇರಲಿ.